ಜಂಟಿ ಟೆಂಡರಿನಿಂದ ಹಿಂದೆ ಸರಿದವನು

“ಏಳೇನಾ?”

ಉದ್ದನೆಯ ಮೇಜಿನ ಆ ತುದಿಯಿಂದ ಬಂದ ಪ್ರಶ್ನೆಗೆ ಸಭಾಂಗಣದಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಮ್ಮ ಪುರಸಭೆಗೆ ಏಳು ಕಂಪ್ಯೂಟರ್ ಬೇಕೆಂದು ಈಗಷ್ಟೇ ಹೇಳಿದ್ದ ಅವಳ ಮೈಯೆಲ್ಲಾ ಉರಿದುಹೋಯಿತು.

“ಹೌದು, ಏಳೇ!” ಎಂದು ಎದ್ದು ನಿಂತೇಬಿಟ್ಟಳು. “ನಿಮ್ಮದು ದೊಡ್ಡ ನಗರ ಸರ್. ಒಂದು ಕಂಪ್ಯೂಟರ್ ಕೆಟ್ಟರೆ ಪಕ್ಕದ್ದರಲ್ಲಿ ಕೂತು ಕೆಲಸ ಮಾಡ್ತೀರಿ. ನಮ್ಮಲ್ಲಿ ಒಂದು ಕೆಟ್ಟರೆ ಕೌಂಟರೇ ಬಂದ್! ಏಳು ಅಂದ್ರೆ ನಿಮಗೆ ನಗು ಬರಬಹುದು... ನಮಗೆ ಅದೇ ಇಡೀ ಆಫೀಸು!”

ಆ ತುದಿಯಲ್ಲಿದ್ದವನು ಕಕ್ಕಾಬಿಕ್ಕಿಯಾಗಿ ಕನ್ನಡಕ ಸರಿಮಾಡಿಕೊಂಡ. ಕೈಯಲ್ಲಿದ್ದ ಹಾಳೆಯನ್ನು ಅವಳ ಕಡೆ ತಿರುಗಿಸಿದ.

“ಕ್ಷಮಿಸಿ ಮೇಡಂ, ನಕ್ಕಿದ್ದು ನಾನಲ್ಲ. ನಿಮ್ಮ ಆಫೀಸಿಂದ ಬಂದ ಪಟ್ಟೀಲಿ ಎಪ್ಪತ್ತು ಅಂತಿದೆ. ನೀವೀಗ ಏಳು ಅಂದ್ರಿ. ಯಾವುದು ಸರಿ ಅಂತ ಕೇಳಿದೆ, ಅಷ್ಟೇ.”

ಅವಳು ಬಗ್ಗಿ ನೋಡಿದಳು. ಏಳರ ಮುಂದೆ ದುಂಡಗೆ ಒಂದು ಸೊನ್ನೆ ಕೂತಿತ್ತು. ಆ ಪಟ್ಟಿ ಟೈಪ್ ಮಾಡಿದವಳು ಯಾರು? ಸಾಕ್ಷಾತ್ ಅವಳೇ!

‘ಅಯ್ಯೋ... ಈ ನೆಲ ಬಾಯಿಬಿಟ್ಟು ನನ್ನ ನುಂಗಬಾರದಾ!’

“ಏಳು ಅಂತ ತಿದ್ಕೊಳ್ಳಿ,” ಎಂದರು ಅಧ್ಯಕ್ಷ ಸ್ಥಾನದಲ್ಲಿದ್ದ ನಗರಸಭೆಯ ಮುಖ್ಯ ಲೆಕ್ಕಾಧಿಕಾರಿ. ಬೆಳ್ಳಗಾದ ತಲೆ, ಕಡ್ಡಿ ಮುರಿದಂಥ ಮಾತು. ಕಚೇರಿಗೆಲ್ಲಾ ಅವರು ದೊಡ್ಡಕ್ಕ. “ಜಗಳ ಆಡೋಕೆ ಇನ್ನೂ ನಾಲ್ಕು ತಿಂಗಳಿದೆ ಮಗಳೇ. ಎಲ್ಲಾ ಇವತ್ತೇ ಮುಗಿಸಬೇಡ.”

ಈ ಸಲ ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. ಹಾಳೆಯ ಅಂಚಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದ.

ಹನ್ನೊಂದು ಊರುಗಳ ಕಥೆ ಎಂದು ಗಾಬರಿಯಾಗಬೇಡಿ, ನಮಗೆ ಬೇಕಾದವರು ಇಬ್ಬರೇ. ಒಂದು ಪುಟ್ಟ ಊರಿನ ಪುರಸಭೆ ಏಳು ಕಂಪ್ಯೂಟರ್ ಬೇಕೆಂದು ಟೆಂಡರ್ ಕರೆದರೆ ಯಾವ ಕಂಪನಿಯೂ ತಿರುಗಿ ನೋಡುವುದಿಲ್ಲ. ಹನ್ನೊಂದು ಊರುಗಳು ಸೇರಿ ಒಂದೇ ಟೆಂಡರ್ ಕರೆದರೆ ಅದೇ ಕಂಪನಿಗಳು ಬಾಗಿಲಿಗೆ ಬಂದು ನಿಲ್ಲುತ್ತವೆ. ಇದನ್ನು ನಂಬಿಕೊಂಡು ಎರಡು ವರ್ಷ ಪತ್ರ ಬರೆದು, ಕಾಡಿ ಬೇಡಿ, ಎಲ್ಲರನ್ನೂ ಒಂದು ಮೇಜಿಗೆ ತಂದವನು ಇವನು, ದೊಡ್ಡ ನಗರಸಭೆಯ ಕಂಪ್ಯೂಟರ್ ವಿಭಾಗದ ಇಂಜಿನಿಯರ್.

ಅವಳು ಪಟ್ಟಿಯ ಹನ್ನೊಂದನೇ, ತೀರಾ ಚಿಕ್ಕ ಊರಿನ ಖರೀದಿ ವಿಭಾಗದವಳು. ಮನೆಯಲ್ಲಿ ಎಲ್ಲರಿಗೂ ಗುಬ್ಬಿ. ಆ ಹೆಸರು ಗಾತ್ರ ನೋಡಿ ಇಟ್ಟದ್ದು, ದನಿ ನೋಡಿ ಇಟ್ಟದ್ದಲ್ಲ.

ಸಭೆ ಮುಗಿದು ಅವಳು ತಲೆ ತಗ್ಗಿಸಿ ಹೊರಟಾಗ, ಕಾರಿಡಾರಿನಲ್ಲಿ ಅವನು ಎರಡು ಲೋಟ ಟೀ ಹಿಡಿದು ನಿಂತಿದ್ದ.

“ಮೇಡಂ, ನೀವು ಹೇಳಿದ್ದರ ಬಗ್ಗೆ ಯೋಚನೆ ಮಾಡ್ತಿದ್ದೆ. ನಾನು ಇಷ್ಟು ದಿನ ಒಟ್ಟು ಎಷ್ಟು ಅಂತ ಮಾತ್ರ ನೋಡಿದ್ದೆ. ಒಂದು ಕೆಟ್ಟರೆ ಏನಾಗುತ್ತೆ ಅಂತ ನೋಡಿರಲಿಲ್ಲ. ನಿಮ್ಮ ಆಫೀಸಿಗೆ ಒಂದ್ಸಲ ಬರಲಾ?”

“ಬಸ್ಸಲ್ಲಿ ಎರಡು ಗಂಟೆ ಆಗುತ್ತೆ ಸರ್.”

“ಪರವಾಗಿಲ್ಲ.”

‘ಬರೋನಲ್ಲ ಬಿಡು, ಬಾಯಿಮಾತಿಗೆ ಅಂದಿರ್ತಾನೆ,’ ಎಂದುಕೊಂಡಳು ಗುಬ್ಬಿ.

ಅವನು ಆ ಶುಕ್ರವಾರವೇ ಬಂದ. ಬಂದ ಗಳಿಗೆಯೂ ಎಂಥದ್ದು! ಜನನ ಮರಣ ಪತ್ರ ಕೊಡುವ ಕೌಂಟರಿನ ಕಂಪ್ಯೂಟರ್ ಕೆಟ್ಟು ಹತ್ತೊಂಬತ್ತು ದಿನವಾಗಿತ್ತು. ಕಂಪನಿಗೆ ಫೋನ್ ಮಾಡಿದಾಗಲೆಲ್ಲ “ನಾಳೆ ಬರ್ತೀವಿ” ಎಂಬ ಒಂದೇ ಹಾಡು. ಕಿಟಕಿಯ ಮುಂದೆ ಒಬ್ಬ ಹೆಂಗಸು, ಮಗಳನ್ನು ಶಾಲೆಗೆ ಸೇರಿಸಲು ಜನನ ಪತ್ರ ಬೇಕೆಂದು ಐದನೇ ಸಲ ಬಂದು ನಿಂತಿದ್ದರು.

“ಇವತ್ತೂ ಇಲ್ವಾಮ್ಮಾ? ಸೋಮವಾರ ಸೇರಿಸ್ಕೊಳ್ಳೋದು ಮುಗಿಯುತ್ತಂತೆ...”

ಇಂಜಿನಿಯರ್ ಶರ್ಟಿನ ತೋಳು ಮಡಚಿ, ನೆಲದ ಮೇಲೆ ಕೂತು, ಕಂಪ್ಯೂಟರಿನ ಡಬ್ಬ ಬಿಚ್ಚಿಯೇಬಿಟ್ಟ. ಮೂರು ಗಂಟೆ ಮೇಲಕ್ಕೇಳಲಿಲ್ಲ. ಕಡೆಗೂ ಪರದೆ ಬೆಳಗಿದಾಗ ಅವನ ಶರ್ಟು, ಕೆನ್ನೆ, ಮೂಗಿನ ತುದಿ ಎಲ್ಲಾ ಧೂಳುಮಯ.

ಜನನ ಪತ್ರ ಕೈಗೆ ಸಿಕ್ಕ ಆ ತಾಯಿ ಅದನ್ನು ಸೆರಗಿನಲ್ಲಿ ಒರೆಸಿ, ಎರಡು ಸಲ ಓದಿ, ಕೈಮುಗಿದರು. ಅವನು ಮುಖ ತಿರುಗಿಸಿಕೊಂಡ. ಕಣ್ಣಿಗೆ ಧೂಳು ಬಿದ್ದಿದ್ದಿರಬೇಕು ಎಂದು ಗುಬ್ಬಿ ಅಂದುಕೊಂಡಳು. ಧೂಳಲ್ಲ ಎಂದು ಅವಳ ಎದೆಗೆ ಗೊತ್ತಿತ್ತು.

“ಎಷ್ಟು ದಿನದೊಳಗೆ ರಿಪೇರಿ ಆಗಬೇಕು ಹೇಳಿ ಮೇಡಂ.”

“ಎರಡು ದಿನ. ಎಷ್ಟೇ ಚಿಕ್ಕ ಊರಾಗಲಿ, ಎರಡು ದಿನದೊಳಗೆ ಮನುಷ್ಯ ಬಂದು ಸರಿಮಾಡಬೇಕು.”

“ಬರೆಯೋಣ. ಷರತ್ತು ಹದಿನಾಲ್ಕು ಅಂತ ಸೇರಿಸ್ತೀನಿ. ಅದಕ್ಕೇ ಬೇರೆ ಅಂಕ ಇಡೋಣ.”

ಆಮೇಲೆ ದಿನಾ ಸಂಜೆ ಫೋನ್ ಶುರುವಾಯಿತು. ಷರತ್ತು ಮೂರು ಸರಿಯಿದೆಯಾ? ಷರತ್ತು ಒಂಬತ್ತರಲ್ಲಿ ಬ್ಯಾಟರಿ ಸೇರಿಸೋಣವಾ? ಟೆಂಡರ್ ಪುಸ್ತಕದ ಎಂಬತ್ತು ಪುಟವನ್ನು ಇಬ್ಬರೂ ಸೇರಿ ತಿರುವಿ ಹಾಕಿದರು. ಷರತ್ತುಗಳು ಮುಗಿದ ಮೇಲೂ ಫೋನ್ ಮುಗಿಯುತ್ತಿರಲಿಲ್ಲ. ಅವನಿಗೆ ಮೆಟ್ಟಿಲು ಎಣಿಸುತ್ತಾ ಹತ್ತುವ ಅಭ್ಯಾಸ, ಅವಳಿಗೆ ಊಟದ ನಡುವೆ ಪತ್ರಿಕೆ ಓದುವ ಹುಚ್ಚು... ಇವೆಲ್ಲ ಯಾವ ಷರತ್ತಿನಡಿ ಬರುತ್ತಿದ್ದವೋ ದೇವರಿಗೇ ಗೊತ್ತು.

ಬಟ್ಟೆ ಹೊಲಿಯುತ್ತಾ ಕೂತಿದ್ದ ಅತ್ತಿಗೆ ಮಿಷನ್ ನಿಲ್ಲಿಸಿ ಕೇಳಿದರು, “ಏನೇ ಗುಬ್ಬಿ, ಬ್ಯಾಟರಿಯ ವಿಷಯಕ್ಕೆ ಯಾರಾದ್ರೂ ಇಷ್ಟೊಂದು ನಾಚ್ಕೋತಾರೇನೇ?”

“ಅತ್ತಿಗೇ! ಸುಮ್ನಿರಿ, ಆಫೀಸ್ ವಿಷಯ!”

“ಆಫೀಸ್ ವಿಷಯಾನೇ. ನಾನೇನಂದೆ ಈಗ?”

ಗುಬ್ಬಿ ಬಾಗಿಲ ಹಿಂದೆ ಹೋಗಿ ನಿಂತಳು. ‘ಇಷ್ಟವಾ? ಇದು ಇಷ್ಟ ಅನ್ನೋದಾ?’ ಹೌದು ಮಾರಾಯ್ತಿ, ಅದೇ! ಓದುವ ನಮಗೆ ಗೊತ್ತು, ಅತ್ತಿಗೆಗೆ ಗೊತ್ತು. ಅವಳೊಬ್ಬಳಿಗೆ ಒಪ್ಪಿಕೊಳ್ಳಲು ಭಯ.

ಟೆಂಡರ್ ಲಕೋಟೆ ಒಡೆಯುವ ಹಿಂದಿನ ವಾರ ದೊಡ್ಡಕ್ಕ, ಅಂಕ ಹಾಕಲು ಹನ್ನೊಂದು ಊರುಗಳಿಂದ ಆರಿಸಿದ್ದ ಸಮಿತಿಯ ಏಳು ಜನರಿಗೂ ಒಂದೊಂದು ನಮೂನೆ ಹಂಚಿದರು. ಕಂಪನಿಗಳಿಗೆ ಅಂಕ ಹಾಕುವವರಿಗೆ ಈ ಖರೀದಿಯಲ್ಲಿ ಸ್ವಂತ ಹಿತಾಸಕ್ತಿ ಏನಾದರೂ ಇದ್ದರೆ ಅದರಲ್ಲಿ ಬರೆಯಬೇಕು.

“ಇಲ್ಲದಿದ್ರೆ ಇಲ್ಲ ಅಂತ ಬರೆದು ಸಹಿ ಹಾಕಿ. ಇದ್ರೆ ಇರೋದನ್ನ ಬರೆದು ಲಕೋಟೆ ಮುಚ್ಚಿ ನನಗೆ ಕೊಡಿ. ಒಪ್ಪಂದಕ್ಕೆ ಸಹಿ ಬೀಳೋವರೆಗೆ ಅದು ನನ್ನ ಕಪಾಟಲ್ಲಿರುತ್ತೆ. ಆಮೇಲೆ ಯಾವ ಊರಿನವರು ಬೇಕಾದ್ರೂ ಫೈಲ್ ತೆಗೆದು ನೋಡಬಹುದು. ಇನ್ನೊಂದು ಮಾತು. ಇವತ್ತಿಂದ ಸಹಿ ಆಗೋ ದಿನದವರೆಗೆ ಸಭೆಯಾಚೆ ಒಬ್ಬರಿಗೊಬ್ಬರು ಫೋನೂ ಇಲ್ಲ, ಹರಟೆಯೂ ಇಲ್ಲ!”

ಎಲ್ಲರೂ ‘ಇಲ್ಲ’ ಎಂದು ಗೀಚಿ ಒಂದೇ ನಿಮಿಷದಲ್ಲಿ ಕೊಟ್ಟರು. ಇಂಜಿನಿಯರ್ ಮಾತ್ರ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು...

“ನಾಳೆ ಕೊಡಬಹುದಾ?” ಎಂದು ಕೇಳಿದ.

ಮರುವಾರ ಸಭೆಯಲ್ಲಿ ಅವನ ಕುರ್ಚಿ ಖಾಲಿಯಿತ್ತು.

“ಇಂಜಿನಿಯರ್ ತಮಗೆ ಹಿತಾಸಕ್ತಿ ಇದೆ ಅಂತ ಬರೆದುಕೊಟ್ಟು ಸಮಿತಿಯಿಂದ ಹಿಂದೆ ಸರಿದಿದ್ದಾರೆ,” ಎಂದರು ದೊಡ್ಡಕ್ಕ. “ಕಾರಣ ಫೈಲಲ್ಲಿದೆ. ಯಾರೂ ನಾಲಿಗೆ ಹರಿಬಿಡಬೇಡಿ.”

ಗುಬ್ಬಿ ಆ ಖಾಲಿ ಕುರ್ಚಿಯನ್ನೇ ನೋಡಿದಳು. ಎರಡು ವರ್ಷ ಜೀವ ತೇಯ್ದು ಕಟ್ಟಿದ ಕೆಲಸ. ಈಗ ಬಿಟ್ಟು ಹೋದನೆ? ಯಾಕೆ?

ಆ ದಿನ ಲಕೋಟೆ ಒಡೆದು ನೋಡಿದಾಗ ಕೊನೆಯಲ್ಲಿ ಉಳಿದದ್ದು ಎರಡೇ ಕಂಪನಿ. ಒಂದು, ಚಿಕ್ಕ ಊರುಗಳ ರಿಪೇರಿಗೆ ಹದಿನೈದು ದಿನ ಕೇಳಿತ್ತು. ಇನ್ನೊಂದು ಮಾತ್ರ ಎರಡೇ ದಿನ ಎಂದು ಬರೆದುಕೊಟ್ಟಿತ್ತು.

ಟೀ ವಿರಾಮದಲ್ಲಿ ಪಕ್ಕದ ಊರಿನ ಪ್ರತಿನಿಧಿ ಅವಳ ಕಿವಿಯ ಹತ್ತಿರ ಬಂದು ಹೇಳಿದ, “ಅರ್ಥ ಆಗಲಿಲ್ವಾ ಮೇಡಂ? ಆ ಎರಡು ದಿನದ ಷರತ್ತು ಬರೆದವರು ಯಾರು? ಅವರೇ. ಅದಕ್ಕೆ ಸರಿಹೊಂದೋ ಕಂಪನಿ ಎಷ್ಟು? ಒಂದೇ. ಒಳಗೊಳಗೇ ಏನೋ ನಡೆದಿದೆ. ಸಿಕ್ಕಿಬೀಳೋ ಮುಂಚೆ ಜಾಗ ಖಾಲಿ ಮಾಡಿದಾರೆ!”

ಅವಳು ಟೀ ಲೋಟ ಕೆಳಗಿಟ್ಟಳು.

‘ಅಂದ್ರೆ... ನೆಲದ ಮೇಲೆ ಕೂತು ರಿಪೇರಿ ಮಾಡಿದ್ದು? ಎಷ್ಟು ದಿನದೊಳಗೆ ಆಗಬೇಕು ಹೇಳಿ ಅಂತ ನನ್ನ ಬಾಯಿಂದಲೇ ಹೇಳಿಸಿದ್ದು? ಆ ಫೋನು, ಆ ಮಾತು... ಎಲ್ಲಾ ಒಂದು ಕಂಪನಿಗೋಸ್ಕರ?’

ಮಾತಾಡಬಾರದೆಂಬ ನಿಯಮ ಅವಳಿಗೂ ಗೊತ್ತಿತ್ತು. ಆದರೆ ಸಂಜೆ ಮೆಟ್ಟಿಲಿನಲ್ಲಿ ಅವನು ಎದುರಾದಾಗ ತಡೆದುಕೊಳ್ಳಲು ಆಗಲಿಲ್ಲ.

“ಒಂದೇ ಮಾತು ಕೇಳ್ತೀನಿ ಸರ್. ಷರತ್ತು ಹದಿನಾಲ್ಕು ನಮ್ಮ ಊರಿಗಾಗಿ ಬರೆದಿದ್ದಾ... ಬೇರೆ ಯಾರಿಗಾದ್ರೂ ಬರೆದಿದ್ದಾ?”

ಅವನ ಮುಖ ಬಿಳಿಚಿಕೊಂಡಿತು. ಒಂದು ಮೆಟ್ಟಿಲು ಹಿಂದೆ ಸರಿದ.

“ಮೇಡಂ, ನಾನೀಗ ನಿಮ್ಮ ಹತ್ರ ಮಾತಾಡೋ ಹಾಗಿಲ್ಲ. ಸಹಿ ಆಗೋವರೆಗೆ...”

“ಬೇಡ ಬಿಡಿ! ನಮ್ಮ ಕೌಂಟರ್ ಮುಂದೆ ನಿಂತು ಅಳೋ ಜನಾನ ನಿಮ್ಮ ವ್ಯಾಪಾರಕ್ಕೆ ಬಳಸ್ಕೊಂಡ್ರಿ. ನನ್ನನ್ನೂ ಬಳಸ್ಕೊಂಡ್ರಿ. ನಿಮ್ಮನ್ನ ಒಳ್ಳೆಯವರು ಅಂದ್ಕೊಂಡಿದ್ದೆ... ನನ್ನ ಬುದ್ಧಿಗಿಷ್ಟು!”

ಅವನು ಅಲ್ಲೇ ನಿಂತುಬಿಟ್ಟ. ಅವಳು ದಡದಡನೆ ಇಳಿದು ಹೋದಳು. ಎರಡು ಗಂಟೆಯ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತಳು. ಟೆಂಡರಿನ ವಿಷಯಕ್ಕೆ ಯಾರೂ ಹಾಗೆ ಅಳುವುದಿಲ್ಲ ಎಂಬುದು ಆಗ ಅವಳಿಗೇ ಅರ್ಥವಾಯಿತು. ಪ್ರೀತಿಸಿದ್ದಳು. ಯಾರನ್ನು ಪ್ರೀತಿಸಿದ್ದೇನೆಂದು ತಿಳಿಯದೆ ಪ್ರೀತಿಸಿದ್ದಳು ಎಂಬುದೇ ಈಗಿನ ನೋವು.

ಅಂಕ ಹಾಕುವ ದಿನ ಬಂತು. ಷರತ್ತು ಹದಿನಾಲ್ಕಕ್ಕೆ ಇಪ್ಪತ್ತು ಅಂಕ. ಪೆನ್ನು ಹಿಡಿದು ಗುಬ್ಬಿ ಕಲ್ಲಿನಂತೆ ಕೂತಳು. ಪೂರ್ತಿ ಅಂಕ ಕೊಟ್ಟರೆ ಆ ಕಂಪನಿ ಗೆಲ್ಲುತ್ತದೆ, ಅವನೂ ಗೆದ್ದಂತೆ! ಸೊನ್ನೆ ಕೊಟ್ಟರೆ... ಅವನಿಗೆ ತಕ್ಕ ಶಾಸ್ತಿ. ಆದರೆ ಹತ್ತೊಂಬತ್ತು ದಿನ ಕಾದ ಆ ತಾಯಿ? ಅವರಂಥ ಇನ್ನೆಷ್ಟೋ ಜನ?

“ಯಾಕಮ್ಮಾ, ಪೆನ್ನು ಓಡ್ತಿಲ್ವಾ?” ದೊಡ್ಡಕ್ಕ ಪಕ್ಕಕ್ಕೆ ಬಂದು ನಿಂತರು.

“ಈ ಷರತ್ತು ಬರೆದವರ ಮೇಲೆ ನಂಬಿಕೆ ಹೋಗಿದೆ ಮೇಡಂ.”

“ನಂಬಿಕೆಗೆ ಇಲ್ಲಿ ಕಾಲಂ ಇಲ್ಲ. ನಿಮ್ಮ ಊರಿಗೆ ಎರಡು ದಿನ ಬೇಕಾ, ಹದಿನೈದು ದಿನ ಸಾಕಾ? ಅದಕ್ಕೆ ಉತ್ತರ ಬರಿ.”

ಗುಬ್ಬಿ ಕಣ್ಣು ಒರೆಸಿಕೊಂಡಳು. ಎರಡು ದಿನದವರಿಗೆ ಇಪ್ಪತ್ತಕ್ಕೆ ಇಪ್ಪತ್ತು ಬರೆದು ಸಹಿ ಹಾಕಿದಳು.

ಮೆಟ್ಟಿಲಿನ ಆ ಜಗಳವಾಗಿ ನಲವತ್ತೊಂದು ದಿನಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ಹನ್ನೊಂದು ಊರಿನವರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಈ ದಿನಕ್ಕಾಗಿ ಎರಡು ವರ್ಷ ಓಡಾಡಿದವನು ಆ ಫೋಟೋದಲ್ಲಿರಲಿಲ್ಲ. ಅದು ಕಣ್ಣಿಗೆ ಬಿದ್ದು ಅವಳಿಗೆ ಸಂಕಟವಾಯಿತು. ಸಂಕಟವಾಯಿತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಚಪ್ಪಾಳೆ ನಿಲ್ಲುವ ಮುಂಚೆಯೇ ಅವಳು ಫೈಲ್ ಕೋಣೆಗೆ ಹೋದಳು. ಯಾವ ಕಂಪನಿ, ಎಂಥ ನಂಟು... ಇವತ್ತು ತಿಳಿದೇ ಹೋಗಲಿ! ಗುಮಾಸ್ತರು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಫೈಲ್ ಕೊಟ್ಟರು. ಇಂಜಿನಿಯರ್ ಕೊಟ್ಟಿದ್ದ ನಮೂನೆ ತೆಗೆದಳು.

ದುಂಡಗಿನ ಅಕ್ಷರ. ಅವನದೇ.

‘ಭಾಗವಹಿಸುವ ಕಂಪನಿಗಳೊಂದಿಗೆ ಸಂಬಂಧ: ಯಾವುದೂ ಇಲ್ಲ.

ಹಣದ ಲಾಭ: ಇಲ್ಲ.

ಬೇರೆ ಯಾವುದಾದರೂ ಹಿತಾಸಕ್ತಿ: ಇದೆ. ಸಮಿತಿಯಲ್ಲಿರುವ ಹನ್ನೊಂದನೇ ಪುರಸಭೆಯ ಪ್ರತಿನಿಧಿಯ ಮೇಲೆ ನನಗೆ ಮನಸ್ಸಾಗಿದೆ.’

ಅಕ್ಷರಗಳು ಮಂಜಾದವು. ಅವಳು ಗೋಡೆಗೆ ಒರಗಿಕೊಂಡಳು.

‘ಷರತ್ತು ಹದಿನಾಲ್ಕನ್ನು ನಾನು ಒಪ್ಪಿದ್ದು ಅಗತ್ಯ ನೋಡಿಯೋ, ಕೇಳಿದವರನ್ನು ನೋಡಿಯೋ ಎಂದು ನನಗೇ ಖಾತ್ರಿಯಿಲ್ಲ. ಅದನ್ನು ಬೇರೆಯವರು ಮತ್ತೊಮ್ಮೆ ಪರಿಶೀಲಿಸಬೇಕು. ನನ್ನನ್ನು ಸಮಿತಿಯಿಂದ ಬಿಡಿಸಬೇಕು.

ಸಂಬಂಧದ ಸ್ವರೂಪ: ಇನ್ನೂ ಏನೂ ಇಲ್ಲ.

ಆ ವ್ಯಕ್ತಿಗೆ ಇದು ತಿಳಿದಿದೆಯೇ: ಇಲ್ಲ. ತಿಳಿದರೆ ಅವರೂ ಸಮಿತಿ ಬಿಡಬೇಕಾಗುತ್ತದೆ. ಈ ಹೊತ್ತಿಗೆ ಬದಲಿಯವರನ್ನು ಸೇರಿಸುವಂತಿಲ್ಲ, ಅವರ ಊರಿಗೆ ಇಲ್ಲಿರುವುದು ಅದೊಂದೇ ದನಿ. ಆದ್ದರಿಂದ ದಯವಿಟ್ಟು ಸಹಿ ಆಗುವವರೆಗೆ ಅವರಿಗೆ ತಿಳಿಸಬಾರದು.’

ಕೆಳಗೆ ಹಸಿರು ಶಾಯಿಯಲ್ಲಿ ದೊಡ್ಡಕ್ಕನ ಟಿಪ್ಪಣಿ: ‘ಷರತ್ತು ಹದಿನಾಲ್ಕನ್ನು ಬೇರೆ ಇಬ್ಬರಿಂದ ಪರಿಶೀಲಿಸಲಾಯಿತು. ಸರಿಯಾಗಿದೆ. ಅಧಿಕಾರಿಯ ಆಯ್ಕೆಯೂ ಸರಿಯಾಗಿದೆ.’

ಗುಬ್ಬಿ ಮತ್ತೊಮ್ಮೆ ಓದಿದಳು. ಮೆಟ್ಟಿಲಿನಲ್ಲಿ ಬಿಳಿಚಿಕೊಂಡ ಆ ಮುಖ ಕಣ್ಣಮುಂದೆ ಬಂತು. ‘ಅಯ್ಯೋ ದೇವರೇ... ಎಂಥ ಮಾತು ಆಡಿಬಿಟ್ಟೆ!’

“ಏನಾಯ್ತಮ್ಮಾ, ನೀರು ಬೇಕಾ?” ಗುಮಾಸ್ತರು ಗಾಬರಿಯಾಗಿ ಎದ್ದರು.

“ಬೇಡ ಸರ್. ಇಂಜಿನಿಯರ್ ಎಲ್ಲಿದ್ದಾರೆ?”

“ಕೆಳಗೆ, ಉಗ್ರಾಣದಲ್ಲಿ.”

ಉಗ್ರಾಣದಲ್ಲಿ ಹೊಸವಕ್ಕೆ ಜಾಗ ಮಾಡಲು ತೆಗೆಸಿದ ಹಳೆಯ ಕಂಪ್ಯೂಟರುಗಳ ಪೆಟ್ಟಿಗೆಗಳನ್ನು ಎದೆಯೆತ್ತರಕ್ಕೆ ಪೇರಿಸಲಾಗಿತ್ತು. ಅವನು ಒಂದೊಂದರ ಸಂಖ್ಯೆ ನೋಡಿ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದ. ಹೆಜ್ಜೆ ಸದ್ದಿಗೆ ತಿರುಗಿದವನು ಅವಳನ್ನು ಕಂಡು ನಿಂತಲ್ಲೇ ನಿಂತ.

“ಫೈಲ್ ನೋಡಿದೆ,” ಎಂದಳು.

“ಪೂರ್ತಿ ಓದಿದ್ರಾ?”

“ಎರಡು ಸಲ.”

ಅವನು ತಲೆ ತಗ್ಗಿಸಿದ. “ಬೇಜಾರಾಯ್ತಾ?”

“ಆಯ್ತು! ನಲವತ್ತು ದಿನ ನಿಮ್ಮನ್ನ ಕಳ್ಳ ಅಂದ್ಕೊಂಡು ಓಡಾಡಿದೀನಿ. ಆವತ್ತು ಅಷ್ಟೆಲ್ಲಾ ಅಂದೆ, ಸುಮ್ನೆ ಅನ್ನಿಸ್ಕೊಂಡ್ರಲ್ಲ... ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀವೂ ಎದ್ದು ಹೋಗಬೇಕಿತ್ತು. ಆಗ ಆ ಕೌಂಟರಿನ ಪರವಾಗಿ ಮಾತಾಡೋರು ಯಾರು? ಇಬ್ಬರಲ್ಲಿ ಒಬ್ಬರು ಹೊರಗಿರಬೇಕಿತ್ತು ಮೇಡಂ. ನಾನಿದ್ದೆ, ಅಷ್ಟೇ.”

ಅವಳ ಕಣ್ಣಿಂದ ನೀರು ಇಳಿದೇ ಬಿಟ್ಟಿತು. ಒರೆಸಿಕೊಳ್ಳಲೂ ಇಲ್ಲ.

“ನಾನು ಆಡಿದ ಮಾತು ಮರೆತುಬಿಡಿ.”

“ಮರೆತೆ.”

“ಸುಳ್ಳು.”

“ಹ್ಞೂಂ, ಸುಳ್ಳು. ಎಲ್ಲಾ ನೆನಪಿದೆ. ಆದ್ರೆ ನೀವು ಈ ಬಾಗಿಲಲ್ಲಿ ಬಂದು ನಿಂತ ಮೇಲೆ ನೋಯ್ತಿಲ್ಲ.”

ಅವಳು ಎರಡು ಹೆಜ್ಜೆ ಒಳಗೆ ಬಂದಳು.

“ಮುಂದಿನ ತಿಂಗಳು ಪ್ರಿಂಟರುಗಳ ಜಂಟಿ ಖರೀದಿ ಇದೆಯಲ್ಲ... ಅದರ ಸಮಿತೀಲಿ ನಿಮ್ಮ ಹೆಸರೂ ಇದೆ, ನನ್ನ ಹೆಸರೂ ಇದೆ. ನಾನು ಬರಲ್ಲ ಅಂತ ಬರೆದುಕೊಡ್ತೀನಿ. ನಮ್ಮ ಊರಿಂದ ನಮ್ಮ ಮುಖ್ಯಾಧಿಕಾರಿಗಳೇ ಬರೋ ಹಾಗೆ ಕೇಳ್ಕೋತೀನಿ.”

“ಯಾಕೆ? ಏನಾಯ್ತು?”

“ನನಗೂ ಹಿತಾಸಕ್ತಿ ಇದೆ.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕೈಯಲ್ಲಿದ್ದ ಪಟ್ಟಿಯನ್ನು ಮೆಲ್ಲಗೆ ಪೆಟ್ಟಿಗೆಯ ಮೇಲಿಟ್ಟ. ನಗು ಮುಖದ ತುಂಬಾ ಹರಡಿತು.

“ಯಾವ... ಯಾವ ಕಂಪನಿ ಮೇಲೆ?”

“ಕಂಪನಿ ಮೇಲಲ್ಲ ರೀ!” ಅಳುವಿನ ನಡುವೆಯೇ ಅವಳಿಗೆ ನಗು ಬಂತು. “ನಿಮ್ಮ ಮೇಲೆ. ತುಂಬಾ ದಿನದಿಂದ... ನಂಗೇ ಗೊತ್ತಿರಲಿಲ್ಲ.”

ಅವನು ಕೈ ಮುಂದೆ ಚಾಚಿದ. ಅವಳು ಹಿಡಿದುಕೊಂಡಳು. ಬೆಚ್ಚಗಿತ್ತು.

“ಹಾಗಾದ್ರೆ ಸಂಬಂಧದ ಸ್ವರೂಪ ಅನ್ನೋ ಕಡೆ ಏನಂತ ಬರೀತೀರಿ?”

“ಅದನ್ನ ನಾನೊಬ್ಬಳೇ ಬರೆಯೋ ಹಾಗಿಲ್ಲ. ಮನೇಲಿ ಅಣ್ಣ ಅತ್ತಿಗೆ ಇದ್ದಾರೆ. ನೀವೇ ಬಂದು ಕೇಳಿ.”

“ಅವರು ಬೇಡ ಅಂದ್ರೆ?”

“ನಾನು ಹೂಂ ಅಂದಾಯ್ತಲ್ಲ,” ಎಂದಳು ಅವಳು, ಕೈ ಬಿಡದೆ. “ಭಾನುವಾರ ಬನ್ನಿ.”